ಮೊದಲು ಯಾವುದು, ಆಮೇಲೆ ಯಾವುದು

ಮುಂಬಯಿ ಮಹಾನಗರ ಪಾಲಿಕೆಯ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳಿಗೆ ಮತ್ತು ಈ ಊರಿನ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮುಂಬಯಿಯ ದೊಡ್ಡ ಆಸ್ಪತ್ರೆಗಳ ಕ್ಯಾಶುವಾಲ್ಟಿಯಲ್ಲಿ ಅಪಘಾತದವರು, ಎದೆನೋವಿನವರು ಬೇಗ ಕಣ್ಣಿಗೆ ಬೀಳುತ್ತಾರೆ. ಸಕ್ಕರೆ ಏರಿ ಏದುಸಿರು ಬಿಡುವವರು, ಅಡ್ರಿನಲ್ ಗ್ರಂಥಿ ಕೈಕೊಟ್ಟು ಬಿ.ಪಿ. ಕುಸಿದವರು, ರಕ್ತ ಹೆಪ್ಪುಗಟ್ಟದ ಕುಸುಮ ರೋಗದ (ಹಿಮೋಫಿಲಿಯಾ) ಹುಡುಗರು ಹಾಗೆ ಕಣ್ಣಿಗೆ ಬೀಳುವುದಿಲ್ಲ. ಒಬ್ಬರ ಚೀಟಿಯಲ್ಲಿ ‘ವಾಂತಿ’, ಇನ್ನೊಬ್ಬರದರಲ್ಲಿ ‘ವೀಕ್‌ನೆಸ್’, ಮತ್ತೊಬ್ಬರದರಲ್ಲಿ ‘ತಲೆಗೆ ಸಣ್ಣ ಪೆಟ್ಟು’ ಎಂದು ಬರೆದು ಬೆಂಚಿನ ಮೇಲೆ ಕೂರಿಸುತ್ತಾರೆ. ಇವರಿಗೆ ಬೇಕಾದ ಔಷಧಗಳಲ್ಲಿ ಹೆಚ್ಚಿನವು ಅಗ್ಗದವು, ಅದೇ ಕಟ್ಟಡದಲ್ಲಿ ಎಲ್ಲೋ ಒಂದು ಕಡೆ ಇರುವಂಥವು. ಅನಾಹುತ ಆಗುವುದು ಕ್ರಮ ತಪ್ಪಿದಾಗ. ಪೊಟ್ಯಾಸಿಯಂ ನೋಡುವ ಮೊದಲೇ ಇನ್ಸುಲಿನ್ ಹೋಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಕೊಡದೆಯೇ ಕುಸುಮ ರೋಗಿಯನ್ನು ಸ್ಕ್ಯಾನಿನ ಸಾಲಿಗೆ ಕಳಿಸುತ್ತಾರೆ. ಅಡ್ರಿನಲ್ ಕೈಕೊಟ್ಟವರಿಗೆ ಬೇಕಾದ ಒಂದು ವಯಲ್ ಹೈಡ್ರೋಕಾರ್ಟಿಸೋನ್ ಕಪಾಟಿನಲ್ಲಿದ್ದರೂ ರಕ್ತದ ವರದಿಗೆ ಕಾಯುತ್ತಾರೆ.

ನಾವು ಈ ಊರಿನ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡಿಗ ವೈದ್ಯರು, ದಾದಿಯರು, ಪ್ರಯೋಗಾಲಯದವರು. ಇಲಾಖೆಗೆ ಇದರ ಮರಾಠಿ ಪ್ರತಿಯನ್ನೂ ಕೊಡುತ್ತೇವೆ. ಕನ್ನಡದಲ್ಲಿ ಬರೆಯುತ್ತಿರುವುದು ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರಿಗೂ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರಿಗೂ ಇದು ತಲುಪಲಿ ಎಂದು. ‘ಸಕ್ರಿ ಬ್ಯಾನಿ ಅದರೀ, ನಿನ್ನಿಯಿಂದ ಸೂಜಿ ತಗೊಂಡಿಲ್ಲ’ ಎಂಬ ಒಂದು ಮಾತು ಅರ್ಥವಾಗದೆ ಹೋದರೆ ಆ ರಾತ್ರಿಯ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ಸಕ್ಕರೆ ಏರಿ ರಕ್ತ ಆಮ್ಲವಾಗುವ ಸ್ಥಿತಿ, ಅಂದರೆ ಕೀಟೋಅಸಿಡೋಸಿಸ್, ಇದರಿಂದಲೇ ಆರಂಭಿಸೋಣ. ಇನ್ಸುಲಿನ್ ತಪ್ಪಿದ ಒಂದೆರಡು ದಿನದಲ್ಲಿ ವಾಂತಿ, ಹೊಟ್ಟೆನೋವು, ಆಮೇಲೆ ಆಳವಾಗಿ ಬೇಗ ಬೇಗ ಎಳೆಯುವ ಉಸಿರು. ಈ ಉಸಿರನ್ನು ದಮ್ಮು ಎಂದುಕೊಂಡು ನೆಬ್ಯುಲೈಜರ್ ಹಚ್ಚಿ ಸ್ಟಿರಾಯ್ಡ್ ಚುಚ್ಚುವುದು ನಡೆಯುತ್ತದೆ. ಸ್ಟಿರಾಯ್ಡ್ ಸಕ್ಕರೆಯನ್ನು ಇನ್ನೂ ಏರಿಸುತ್ತದೆ, ನೆಬ್ಯುಲೈಜರಿನ ಸಾಲ್ಬುಟಮಾಲ್ ಪೊಟ್ಯಾಸಿಯಂ ಇಳಿಸುತ್ತದೆ. ಎದೆಗೆ ಕೊಳವೆ ಇಟ್ಟರೆ ಸುಂಯ್‌ಗುಡುವ ಶಬ್ದವೇ ಇಲ್ಲದ ಏದುಸಿರಿನವರಿಗೆ ಬೆರಳ ತುದಿಯ ಶುಗರ್ ನೋಡದೆ ನೆಬ್ಯುಲೈಜರ್ ಹಚ್ಚಕೂಡದು.

ಮೊದಲ ಗಂಟೆಯ ಕೆಲಸ ಸಲೈನಿನದು. ಹೃದಯ, ಕಿಡ್ನಿ ಸರಿ ಇರುವ ವಯಸ್ಕರಿಗೆ 0.9% ಸಲೈನ್ ಸುಮಾರು ಒಂದು ಲೀಟರ್ ಹೋಗಬೇಕು. ಅದು ಹರಿಯುತ್ತಿರುವಾಗಲೇ ಪೊಟ್ಯಾಸಿಯಂ ತಿಳಿದುಕೊಳ್ಳಬೇಕು. ಬ್ಲಡ್ ಗ್ಯಾಸ್ ಯಂತ್ರ ಈ ಅಂಕಿಯನ್ನು ಕೆಲವೇ ನಿಮಿಷಗಳಲ್ಲಿ ಕೊಡುತ್ತದೆ, ದೊಡ್ಡ ಪ್ರಯೋಗಾಲಯದ ವರದಿಗೆ ಕಾಯಬೇಕಿಲ್ಲ. ಪೊಟ್ಯಾಸಿಯಂ ಲೀಟರಿಗೆ 3.5 ಮಿಲಿಮೋಲಿಗಿಂತ ಕಡಿಮೆ ಇದ್ದರೆ ಇನ್ಸುಲಿನ್ ತಡೆಹಿಡಿದು, ಮಾನಿಟರ್ ಹಚ್ಚಿ, ಗಂಟೆಗೆ 10ರಿಂದ 20 ಮಿಲಿಮೋಲ್‌ನಂತೆ ಪೊಟ್ಯಾಸಿಯಂ ಏರಿಸಬೇಕು. 3.5 ದಾಟಿದ ಮೇಲೆ ಇನ್ಸುಲಿನ್. ಕಾರಣ ಸರಳ. ವಾಂತಿಯಲ್ಲೂ ಮೂತ್ರದಲ್ಲೂ ಈ ರೋಗಿ ಪ್ರತಿ ಕೆ.ಜಿ.ಗೆ 3ರಿಂದ 5 ಮಿಲಿಮೋಲ್ ಪೊಟ್ಯಾಸಿಯಂ ಕಳೆದುಕೊಂಡಿರುತ್ತಾರೆ. ಆಮ್ಲ ಹೆಚ್ಚಿ, ಇನ್ಸುಲಿನ್ ಇಲ್ಲದೆ, ಜೀವಕೋಶದೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಬಂದಿರುವುದರಿಂದ ವರದಿ ಸರಿಯಾಗಿದ್ದಂತೆ ತೋರುತ್ತದೆ. ಇನ್ಸುಲಿನ್ ಹೋದ ಕೂಡಲೇ ಅದೆಲ್ಲ ಮತ್ತೆ ಕೋಶದೊಳಗೆ ನುಗ್ಗುತ್ತದೆ, ರಕ್ತದಲ್ಲಿ ಬರಿದಾಗುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಇನ್ನೊಂದು ಎಚ್ಚರಿಕೆ. 10 ಮಿ.ಲೀ.ನ 15% ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲಿನಲ್ಲಿ ಸುಮಾರು 20 ಮಿಲಿಮೋಲ್ ಇರುತ್ತದೆ. ಅದನ್ನು ಎಂದೂ ನೇರವಾಗಿ ರಕ್ತನಾಳಕ್ಕೆ ಚುಚ್ಚಕೂಡದು. ಸಲೈನ್ ಬಾಟಲಿಗೆ ಬೆರೆಸಿದ ಮೇಲೆ ಬಾಟಲಿಯನ್ನು ಹಲವು ಸಲ ತಲೆಕೆಳಗು ಮಾಡಿ ಕಲಸಬೇಕು. ಇಲ್ಲದಿದ್ದರೆ ಭಾರವಾದ ದ್ರಾವಣ ಬಾಟಲಿಯ ಬಾಯಲ್ಲೇ ನಿಂತು ಮೊದಲ ನಿಮಿಷಗಳಲ್ಲೇ ಒಳಗೆ ಹೋಗುತ್ತದೆ.

ಇನ್ಸುಲಿನ್ ಗಂಟೆಗೆ ಪ್ರತಿ ಕೆ.ಜಿ.ಗೆ 0.1 ಯೂನಿಟ್. 50 ಮಿ.ಲೀ. ಸಲೈನಿನಲ್ಲಿ 50 ಯೂನಿಟ್ ಕಲಸಿ ಪಂಪಿಗೆ ಹಾಕಿದರೆ 60 ಕೆ.ಜಿ.ಯ ವ್ಯಕ್ತಿಗೆ ಗಂಟೆಗೆ 6 ಮಿ.ಲೀ. ಲೆಕ್ಕ ಸುಲಭ, ಆದರೆ ತಪ್ಪು ನುಸುಳುವುದು ಕಲಸುವಾಗ. ನಮ್ಮ ದೇಶದಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ಟಿನ ವಯಲ್ ಕೂಡ ಇದೆ, 100 ಯೂನಿಟ್ಟಿನದೂ ಇದೆ. 50 ಯೂನಿಟ್ ಬೇಕಾದರೆ 40ರ ವಯಲಿನಿಂದ 1.25 ಮಿ.ಲೀ., 100ರ ವಯಲಿನಿಂದ 0.5 ಮಿ.ಲೀ. ತೆಗೆಯಬೇಕು. ಕೈ ರೂಢಿಯಲ್ಲಿ 100ರ ವಯಲಿನಿಂದ 1.25 ಮಿ.ಲೀ. ಎಳೆದರೆ ಅದು 125 ಯೂನಿಟ್, ಪಂಪಿನಲ್ಲಿ 6 ಎಂದು ತೋರಿಸುತ್ತಿರುವಾಗ ರೋಗಿಗೆ ಹೋಗುವುದು ಗಂಟೆಗೆ 15. ತಿರುಗುಮುರುಗಾದರೆ ಹೋಗುವುದು 2.4 ಮಾತ್ರ, ಬೆಳಗಿನವರೆಗೂ ಆಮ್ಲ ಇಳಿಯುವುದಿಲ್ಲ. ಸಿರಿಂಜಿಗೂ ಇದೇ ಮಾತು. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. ಒಂದೇ ಕ್ಯಾಶುವಾಲ್ಟಿಯಲ್ಲಿ ಎರಡೂ ಬಗೆಯ ವಯಲ್ ಇಡುವುದನ್ನು ಇಲಾಖೆ ಒಂದು ಸುತ್ತೋಲೆಯಿಂದ ನಿಲ್ಲಿಸಬಹುದು. ಈ ಪತ್ರದಲ್ಲಿ ಒಂದೇ ಒಂದು ಬೇಡಿಕೆ ಈಡೇರುವುದಾದರೆ ಅದು ಇದೇ ಆಗಲಿ. ಇನ್ಸುಲಿನ್ ಪ್ಲಾಸ್ಟಿಕ್ ನಳಿಕೆಯ ಒಳಗೋಡೆಗೆ ಅಂಟುವುದರಿಂದ ಕಲಸಿದ ದ್ರಾವಣದ ಮೊದಲ 20 ಮಿ.ಲೀ.ಯನ್ನು ನಳಿಕೆಯ ಮೂಲಕ ಹರಿಸಿ ಚೆಲ್ಲಿ, ಆಮೇಲೆ ರೋಗಿಗೆ ಜೋಡಿಸಬೇಕು.

ಶುಗರ್ 250ಕ್ಕೆ ಇಳಿಯಿತೆಂದು ಇನ್ಸುಲಿನ್ ನಿಲ್ಲಿಸುವುದು ಮತ್ತೊಂದು ರೂಢಿ. ಆಗ ಮಾಡಬೇಕಾದದ್ದು ಡೆಕ್ಸ್‌ಟ್ರೋಸ್ ಸೇರಿಸಿ, ಇನ್ಸುಲಿನ್ನನ್ನು ಅರ್ಧಕ್ಕೆ, ಅಂದರೆ 0.05ಕ್ಕೆ ಇಳಿಸಿ ಮುಂದುವರಿಸುವುದು. ರೋಗ ಇರುವುದು ಕೊಬ್ಬು ಕರಗಿ ಹುಟ್ಟುವ ಆಮ್ಲವಾದ ಕೀಟೋನಿನಲ್ಲಿ, ಸಕ್ಕರೆಯ ಅಂಕಿ ಅದರ ನೆರಳು. ಡ್ರಿಪ್ ತೆಗೆಯುವ ಒಂದೆರಡು ಗಂಟೆ ಮೊದಲೇ ಚರ್ಮದಡಿಯ ದೀರ್ಘಾವಧಿ ಇನ್ಸುಲಿನ್ ಕೊಟ್ಟಿರಬೇಕು. ರಕ್ತನಾಳಕ್ಕೆ ಕೊಟ್ಟ ಇನ್ಸುಲಿನ್ ನಿಮಿಷಗಳಲ್ಲೇ ಮುಗಿದುಹೋಗುತ್ತದೆ. ಮಕ್ಕಳಲ್ಲಿ ಒಮ್ಮೆಲೇ ಚುಚ್ಚುವ ಇನ್ಸುಲಿನ್ ಬೇಡವೇ ಬೇಡ, ಡ್ರಿಪ್ ಕೂಡ ಸಲೈನ್ ಶುರುವಾಗಿ ಒಂದು ಗಂಟೆಯ ಮೇಲೆಯೇ. ಚೇತರಿಸಿಕೊಳ್ಳುತ್ತಿದ್ದ ಮಗು ತಲೆನೋವು ಎಂದರೆ, ಮತ್ತೆ ವಾಂತಿ ಮಾಡಿದರೆ, ನಾಡಿ ನಿಧಾನವಾದರೆ ಅದು ಮಿದುಳಿನ ಬಾವು. ಪ್ರತಿ ಕೆ.ಜಿ.ಗೆ 0.5ರಿಂದ 1 ಗ್ರಾಂ ಮ್ಯಾನಿಟಾಲ್ ಮೊದಲು, ಸ್ಕ್ಯಾನ್ ಆಮೇಲೆ.

ಇತ್ತೀಚಿನ ಒಂದು ಬಲೆಯನ್ನು ಹೇಳಲೇಬೇಕು. ಹೆಸರು ‘ಫ್ಲೋಜಿನ್’ ಎಂದು ಮುಗಿಯುವ ಸಕ್ಕರೆ ಕಾಯಿಲೆಯ ಮಾತ್ರೆಗಳು, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಈಗ ಅಗ್ಗವಾಗಿ ಎಲ್ಲರ ಕೈಯಲ್ಲಿವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮಾತ್ರೆಗಳೇ. ಆದರೆ ಇವನ್ನು ನುಂಗಿ ಆಷಾಢ ಏಕಾದಶಿಯ ಉಪವಾಸ ಮಾಡಿದವರಲ್ಲಿ, ವಾಂತಿ ಭೇದಿಯಾದವರಲ್ಲಿ ಶುಗರ್ 180 ಇದ್ದರೂ ಕೀಟೋನ್ ಏರಿರಬಹುದು. ಗ್ಲುಕೋಮೀಟರ್ ನೋಡಿ ‘ನಾರ್ಮಲ್’ ಎಂದು ಮನೆಗೆ ಕಳಿಸಿದರೆ ಮುಗಿಯಿತು. ಮೂತ್ರದ ಪಟ್ಟಿ ಮುಖ್ಯ ಕೀಟೋನನ್ನು ಹಿಡಿಯುವುದಿಲ್ಲ, ಆದ್ದರಿಂದ ರಕ್ತದ ಕೀಟೋನ್ ಪಟ್ಟಿಯನ್ನು ಕ್ಯಾಶುವಾಲ್ಟಿಗೆ ಒದಗಿಸಬೇಕು. 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅನುಮಾನವೇ ಬೇಡ. ಆಪರೇಷನ್ನಿಗೆ ಮೂರು ದಿನ ಮೊದಲೇ ಈ ಮಾತ್ರೆ ನಿಲ್ಲಿಸಬೇಕೆಂಬುದನ್ನು ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರದ ಮೇಲೆಯೇ ಅಚ್ಚು ಹಾಕಿಸಿ.

ಸಕ್ಕರೆ ಇಳಿಯುವ ಕಡೆ ಮಾತು ಕಡಿಮೆ. ಪ್ರಜ್ಞೆ ತಪ್ಪಿದವರಿಗೆ, ಒಂದು ಬದಿ ಸೋತು ಬಂದವರಿಗೆ, ಕುಡಿದು ಬಿದ್ದಿದ್ದಾರೆ ಎಂದು ಪೊಲೀಸರು ತಂದವರಿಗೆ ಮೊದಲು ಬೆರಳಿಗೆ ಸೂಜಿ. 25% ಡೆಕ್ಸ್‌ಟ್ರೋಸ್ 100 ಮಿ.ಲೀ. ಕೊಟ್ಟರೆ 25 ಗ್ರಾಂ ಆಯಿತು, 15 ನಿಮಿಷಕ್ಕೆ ಮತ್ತೆ ನೋಡಬೇಕು. ಕುಡಿತದವರಿಗೆ ಜೊತೆಯಲ್ಲೇ ಥಯಾಮಿನ್. ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಸಕ್ಕರೆ ಇಳಿಸುವ ಮಾತ್ರೆ ನುಂಗಿದ ಹಿರಿಯರು ಎದ್ದು ಕೂತು ಚಹಾ ಕುಡಿದರೆಂದು ಕಳಿಸಿಬಿಡುತ್ತಾರೆ. ಆ ಮಾತ್ರೆಯ ಬಲ ಇಡೀ ದಿನ ಇರುತ್ತದೆ, ಕಿಡ್ನಿ ಸೋತಿದ್ದರೆ ಇನ್ನೂ ಹೆಚ್ಚು. 24 ಗಂಟೆ ಇಟ್ಟುಕೊಳ್ಳಿ. ಸಕ್ಕರೆ ಮತ್ತೆ ಮತ್ತೆ ಇಳಿದರೆ, ದೇಹ ಇನ್ಸುಲಿನ್ ಸುರಿಯುವುದನ್ನು ತಡೆಯುವ ಆಕ್ಟ್ರಿಯೊಟೈಡ್ 50 ಮೈಕ್ರೋಗ್ರಾಂ ಚರ್ಮದಡಿಗೆ, ಆರು ಗಂಟೆಗೊಮ್ಮೆ.

ಅಡ್ರಿನಲ್ ಬಿಕ್ಕಟ್ಟು ನಮ್ಮನ್ನು ಹೆಚ್ಚು ಕಾಡುವುದು, ಏಕೆಂದರೆ ಅದರ ಮದ್ದು ಇಷ್ಟು ಸರಳ. ಕಿಡ್ನಿಗಳ ಮೇಲೆ ಟೋಪಿಯಂತೆ ಕೂತ ಈ ಗ್ರಂಥಿಗಳು ಕಾರ್ಟಿಸಾಲ್ ಕೊಡದಿದ್ದರೆ ಬಿ.ಪಿ. ನಿಲ್ಲುವುದಿಲ್ಲ. ಈ ಊರಿನಲ್ಲಿ ಮೂರು ದಾರಿಗಳಿಂದ ಇದು ಬರುತ್ತದೆ. ಒಂದು, ಮಂಡಿನೋವಿಗೋ ದಮ್ಮಿಗೋ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡು ತಿಂಗಳುಗಟ್ಟಲೆ ನುಂಗಿದ ಪ್ರೆಡ್ನಿಸೊಲೋನ್, ಡೆಕ್ಸಾಮೆಥಸೋನ್, ಬೀಟಾಮೆಥಸೋನ್. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ನುಂಗಿದವರಲ್ಲಿ ಸ್ವಂತ ಗ್ರಂಥಿ ನಿದ್ದೆಹೋಗುತ್ತದೆ, ಊರಿಗೆ ಹೋಗಿ ಮಾತ್ರೆ ಬಿಟ್ಟ ವಾರವೇ ಬೀಳುತ್ತಾರೆ. ಎರಡು, ಕ್ಷಯ. ಕ್ಷಯದ ಕ್ರಿಮಿ ಗ್ರಂಥಿಯನ್ನೇ ತಿಂದುಹಾಕುತ್ತದೆ. ಸಾಲದ್ದಕ್ಕೆ ಕ್ಷಯದ ಮಾತ್ರೆ ರಿಫಾಂಪಿಸಿನ್ ಶುರುಮಾಡಿದಾಗ ಲಿವರ್ ಉಳಿದ ಕಾರ್ಟಿಸಾಲನ್ನೂ ಬೇಗ ಕರಗಿಸುತ್ತದೆ. ಚಿಕಿತ್ಸೆ ಆರಂಭವಾದ ಕೆಲವು ವಾರಗಳಲ್ಲಿ ವಾಂತಿ, ಸುಸ್ತು, ತಲೆಸುತ್ತು ಹೆಚ್ಚಾದರೆ ‘ಟಿ.ಬಿ. ಮಾತ್ರೆಯ ಉಷ್ಣ’ ಎಂದು ಕೈಬಿಡಬೇಡಿ. ಮೂರು, ಹೆರಿಗೆಯಲ್ಲಿ ರಕ್ತ ಹರಿದುಹೋಗಿ ಅಡ್ರಿನಲ್‌ಗೆ ಅಪ್ಪಣೆ ಕೊಡುವ ಪಿಟ್ಯೂಟರಿ ಗ್ರಂಥಿ ಸತ್ತ ತಾಯಂದಿರು. ಎದೆಹಾಲು ಬರಲಿಲ್ಲ, ಮುಟ್ಟು ಮತ್ತೆ ಆಗಲಿಲ್ಲ ಎಂಬ ಎರಡು ಮಾತು ಕೇಳಿದರೆ ಸಾಕು. ಆದರೆ ಅದನ್ನು ಅವರ ಭಾಷೆಯಲ್ಲಿ ಕೇಳುವವರು ಬೇಕು.

ಇದರ ಗುರುತುಗಳು: ಸಲೈನ್ ಕೊಟ್ಟರೂ ಏಳದ ಬಿ.ಪಿ., ಸೋಡಿಯಂ ಕಡಿಮೆ, ಶುಗರ್ ಕಡಿಮೆ, ಕೆಲವರಲ್ಲಿ ಪೊಟ್ಯಾಸಿಯಂ ಹೆಚ್ಚು. ಸಂಶಯ ಬಂದ ಕ್ಷಣವೇ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ., ರಕ್ತನಾಳ ಸಿಗದಿದ್ದರೆ ತೊಡೆಗೆ. ಜೊತೆಗೆ ಮೊದಲ ಗಂಟೆಯಲ್ಲಿ ಒಂದು ಲೀಟರ್ ಸಲೈನ್. ಆಮೇಲೆ ಆರು ಗಂಟೆಗೊಮ್ಮೆ 50 ಮಿ.ಗ್ರಾಂ. ಸಾಧ್ಯವಾದರೆ ಚುಚ್ಚುವ ಮುನ್ನ ಕಾರ್ಟಿಸಾಲ್‌ಗೆ ಒಂದು ಟ್ಯೂಬ್ ರಕ್ತ ತೆಗೆದಿಡಿ, ವರದಿ ನಾಳೆ ಬರಲಿ. ಸುಳ್ಳು ಸಂಶಯಕ್ಕೆ ಕೊಟ್ಟ ಒಂದು ಡೋಸ್ ತರುವ ಹಾನಿ ಬಲು ಕಡಿಮೆ, ಕೊಡದೆ ಉಳಿದ ಒಂದು ಡೋಸ್ ಪ್ರಾಣ ತೆಗೆಯುತ್ತದೆ. ವಯಲ್ ಪುಡಿಯ ರೂಪದಲ್ಲಿರುತ್ತದೆ, ಫ್ರಿಜ್ ಬೇಡ, ಕೈಗೆಟುಕುವ ಟ್ರೇಯಲ್ಲಿ ಇಡಬಹುದು. ಥೈರಾಯ್ಡ್ ತೀರ ಕುಸಿದು ಮೈ ತಣ್ಣಗಾಗಿ ಬಂದವರಲ್ಲೂ ಇದೇ ಕ್ರಮ, ಹೈಡ್ರೋಕಾರ್ಟಿಸೋನ್ ಮೊದಲು, ಥೈರಾಕ್ಸಿನ್ ಆಮೇಲೆ. ಹಿಂದುಮುಂದಾದರೆ ಥೈರಾಕ್ಸಿನ್ ಇದ್ದಬದ್ದ ಕಾರ್ಟಿಸಾಲನ್ನು ಖರ್ಚುಮಾಡಿ ಹಾಕುತ್ತದೆ.

ಇನ್ನು ರಕ್ತದ ವಿಷಯ. ಕುಸುಮ ರೋಗದವರು ತಲೆಗೆ ಪೆಟ್ಟಾಗಿ ಬಂದರೆ ಸ್ಕ್ಯಾನಿನ ಮೊದಲು ಫ್ಯಾಕ್ಟರ್. ಫ್ಯಾಕ್ಟರ್ 8 ಕೊರತೆಯ ಎ ಬಗೆಯಲ್ಲಿ ಪ್ರತಿ ಕೆ.ಜಿ.ಗೆ ಒಂದು ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ಮಟ್ಟ ಶೇ. 2 ಏರುತ್ತದೆ. ಶೇ. 100ಕ್ಕೆ ಏರಿಸಲು ಪ್ರತಿ ಕೆ.ಜಿ.ಗೆ 50 ಯೂನಿಟ್, 60 ಕೆ.ಜಿ.ಯವರಿಗೆ 3000. ಪುಡಿಯನ್ನು ನಿಧಾನ ತಿರುಗಿಸಿ ಕರಗಿಸಬೇಕು, ಕುಲುಕಿದರೆ ನೊರೆಯಾಗಿ ಕೆಡುತ್ತದೆ. ಎ ಬಗೆಗೆ ಫ್ಯಾಕ್ಟರ್ ಸಿಗದಿದ್ದರೆ ಪ್ಲಾಸ್ಮಾದಿಂದ ತೆಗೆದ ಕ್ರಯೊಪ್ರೆಸಿಪಿಟೇಟ್ ನಡೆಯುತ್ತದೆ, ಫ್ಯಾಕ್ಟರ್ 9 ಕೊರತೆಯ ಬಿ ಬಗೆಗೆ ಅದರಲ್ಲಿ ಏನೂ ಇಲ್ಲ. ಸ್ನಾಯುವಿಗೆ ಸೂಜಿ ಬೇಡ, ಡೈಕ್ಲೋಫೆನಾಕ್ ಬೇಡ. ಮನೆಯವರು ‘ಫ್ಯಾಕ್ಟರ್ ಕೊಡಿ’ ಎಂದು ಅಂಗಲಾಚುತ್ತಿದ್ದರೆ ಅವರ ಮಾತು ಕೇಳಿ, ವರ್ಷಗಳಿಂದ ಅದರೊಂದಿಗೆ ಬದುಕಿದವರು ಅವರು. ಫ್ಯಾಕ್ಟರ್ ಇರುವ ಫ್ರಿಜ್ಜಿನ ಬೀಗದ ಕೈ ರಾತ್ರಿ ಯಾರ ಬಳಿ ಇದೆ ಎಂಬುದು ಕ್ಯಾಶುವಾಲ್ಟಿಯ ಗೋಡೆಯ ಮೇಲೆ ಬರೆದಿರಬೇಕು.

ರಕ್ತ ಕೊಡುವಾಗ ತಪ್ಪು ಹೆಚ್ಚಾಗಿ ಆಗುವುದು ರಕ್ತನಿಧಿಯಲ್ಲಲ್ಲ, ಹಾಸಿಗೆಯ ಪಕ್ಕದಲ್ಲಿ, ಟ್ಯೂಬಿನ ಮೇಲೆ ಹೆಸರು ಬರೆಯುವಾಗ. ನಮ್ಮ ಜನರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಮಹಾರಾಷ್ಟ್ರದ ಅರ್ಜಿಯಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ. ಯಾದಗಿರಿಯ ಮಲ್ಲಮ್ಮನಿಗೆ ಅಡ್ಡಹೆಸರೇ ಇರುವುದಿಲ್ಲ, ಒಮ್ಮೆ ಊರ ಹೆಸರು, ಒಮ್ಮೆ ಗಂಡನ ಹೆಸರು ಬರೆಯುತ್ತಾರೆ. ಅದೇ ವಾರ್ಡಿನಲ್ಲಿ ಇನ್ನೊಬ್ಬ ಮಲ್ಲಮ್ಮ ಇದ್ದರೆ ಚೀಟಿ ಅದಲುಬದಲಾಗಲು ಒಂದು ನಿಮಿಷ ಸಾಕು. ಆದ್ದರಿಂದ ಕೈಪಟ್ಟಿಯ ನೋಂದಣಿ ಸಂಖ್ಯೆ ನೋಡಿ, ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಿ, ರಕ್ತ ತೆಗೆದ ಮೇಲೆ ಅಲ್ಲೇ ನಿಂತು ಟ್ಯೂಬಿನ ಮೇಲೆ ಬರೆಯಬೇಕು. ಮೊದಲೇ ಬರೆದಿಟ್ಟ ಖಾಲಿ ಟ್ಯೂಬುಗಳು ಬೇಡ. ‘ಮಲ್ಲಮ್ಮನಾ?’ ಎಂದು ಕೇಳಿದರೆ ಭಾಷೆ ತಿಳಿಯದವರು ಹೌದು ಎಂದು ತಲೆಯಾಡಿಸುತ್ತಾರೆ, ‘ನಿಮ್ಮ ಹೆಸರೇನು?’ ಎಂದೇ ಕೇಳಬೇಕು. ಮೊದಲ ಸಲ ಗುಂಪು ನೋಡುತ್ತಿದ್ದರೆ ಬೇರೆ ಸಮಯದಲ್ಲಿ ತೆಗೆದ ಎರಡನೆಯ ಮಾದರಿ ಬೇಕು. ರಕ್ತ ಹರಿಯುವ ಮೊದಲ 15 ನಿಮಿಷ ನಿಧಾನ, ಪಕ್ಕದಲ್ಲೇ ಒಬ್ಬರು. ಚಳಿ, ಸೊಂಟನೋವು, ಬಿ.ಪಿ. ಇಳಿತ ಕಂಡರೆ ಚೀಲ ನಿಲ್ಲಿಸಿ, ನಳಿಕೆ ಬದಲಿಸಿ ಸಲೈನ್ ಹಚ್ಚಿ, ಚೀಲವನ್ನು ರಕ್ತನಿಧಿಗೆ ಹಿಂತಿರುಗಿಸಿ.

1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಇದೇ ಊರಿನಲ್ಲಿ ಬಾಂಬೆ ರಕ್ತಗುಂಪನ್ನು ಗುರುತಿಸಿದರು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರಲ್ಲಿ ಇದೆ ಎನ್ನುತ್ತಾರೆ. ಸಾಮಾನ್ಯ ಪರೀಕ್ಷೆಯಲ್ಲಿ ಇವರು ಒ ಗುಂಪಿನವರಂತೆ ಕಾಣುತ್ತಾರೆ, ಆದರೆ ಒ ರಕ್ತ ಕೊಟ್ಟರೂ ಇವರ ದೇಹ ಅದನ್ನು ಒಡೆಯುತ್ತದೆ. ರೋಗಿಯ ಸೀರಮ್ಮನ್ನು ಗುಂಪು ಗೊತ್ತಿರುವ ಕಣಗಳೊಡನೆ ಬೆರೆಸಿ ನೋಡುವ ಹಿಮ್ಮುಖ ಪರೀಕ್ಷೆಯಲ್ಲಿ ಒ ಕಣಗಳನ್ನೂ ಸೇರಿಸಿದರೆ ಗೊತ್ತಾಗುತ್ತದೆ. ತುರ್ತಿನಲ್ಲಿ ಹೊಂದಾಣಿಕೆ ನೋಡದೆ ಒ ರಕ್ತ ಕೊಡಬೇಕಾಗಿ ಬಂದಾಗಲೂ ಮೊದಲ ಚೀಲಕ್ಕೆ ಮುನ್ನ ಮಾದರಿ ತೆಗೆದಿಡುವುದು ಇದಕ್ಕಾಗಿಯೇ.

ಮಳೆಗಾಲದ ಡೆಂಗಿ ಬಗ್ಗೆ ಒಂದೇ ಮಾತು. ರಕ್ತಸ್ರಾವವಿಲ್ಲದಿದ್ದರೆ 10,000ದವರೆಗೂ ಪ್ಲೇಟ್‌ಲೆಟ್ ಏರಿಸುವ ಅಗತ್ಯವಿಲ್ಲ. ಜ್ವರ ಇಳಿದ ದಿನವೇ ಅಪಾಯದ ದಿನ, ಆಗ ನೋಡಬೇಕಾದದ್ದು ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಅದು ಶೇ. 20 ಏರಿದರೆ ರಕ್ತದ ನೀರು ಸೋರುತ್ತಿದೆ ಎಂದರ್ಥ. 40,000ಕ್ಕೆ ಹೆದರಿ ಬಂಧುಗಳು ದಾನಿಗಳನ್ನು ಹುಡುಕುತ್ತಾ ಅಲೆಯುವಾಗ ರೋಗಿಯ ನಾಡಿ ನೋಡುವವರು ಇರುವುದಿಲ್ಲ.

ಪಾಲಘರ್, ನಂದುರ್ಬಾರ್ ಕಡೆಯ ಆದಿವಾಸಿ ಕುಟುಂಬಗಳಿಂದ ಬರುವ ಕುಡಗೋಲು ಕಣ ರೋಗದವರ (ಸಿಕಲ್ ಸೆಲ್) ನೋವನ್ನು ನಂಬಬೇಕು. 30 ನಿಮಿಷದೊಳಗೆ ಬಲವಾದ ನೋವು ನಿವಾರಕ ಸಿಗಬೇಕು, ರಕ್ತದಲ್ಲಿ ಆಮ್ಲಜನಕ ಶೇ. 95ಕ್ಕಿಂತ ಇಳಿದರೆ ಎದೆಯ ಎಕ್ಸ್‌ರೇ. ಸಲೈನನ್ನು ಧಾರಾಳವಾಗಿ ಸುರಿದರೆ ಶ್ವಾಸಕೋಶ ತುಂಬಿಕೊಳ್ಳುತ್ತದೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕೀಮೋಗೆಂದು ಬಂದು ಅಕ್ಕಪಕ್ಕದ ಧರ್ಮಶಾಲೆಗಳಲ್ಲಿ ಇರುವವರು ರಾತ್ರಿ ಜ್ವರ ಬಂದು ಹತ್ತಿರದ ಕ್ಯಾಶುವಾಲ್ಟಿಗೆ ಓಡುತ್ತಾರೆ. ಜ್ವರ 38.3 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ರಕ್ತದ ಕಲ್ಚರ್ ತೆಗೆದು, 60 ನಿಮಿಷದೊಳಗೆ ಆ್ಯಂಟಿಬಯೋಟಿಕ್ ಹೋಗಬೇಕು. ಬಿಳಿಕಣಗಳ ಎಣಿಕೆ ಬರುವ ತನಕ ಪ್ಯಾರಸಿಟಮಾಲ್ ಕೊಟ್ಟು ಕೂರಿಸುವುದು ಕ್ರಮವಲ್ಲ.

ಇಲಾಖೆಯಿಂದ ನಮಗೆ ಬೇಕಾದದ್ದು ಇಷ್ಟು. ಪ್ರತಿ ಕ್ಯಾಶುವಾಲ್ಟಿಯಲ್ಲಿ ಬೀಗವಿಲ್ಲದ ಒಂದು ಟ್ರೇ: ಗ್ಲುಕೋಮೀಟರ್, ರಕ್ತದ ಕೀಟೋನ್ ಪಟ್ಟಿ, 25% ಡೆಕ್ಸ್‌ಟ್ರೋಸ್, ಥಯಾಮಿನ್, ಹೈಡ್ರೋಕಾರ್ಟಿಸೋನ್ ಐದು ವಯಲ್. ಪೊಟ್ಯಾಸಿಯಂ ಆಂಪ್ಯೂಲ್ ಈ ಟ್ರೇಯಲ್ಲಿ ಬೇಡ, ಅದು ಕೆಂಪು ಪಟ್ಟಿ ಅಂಟಿಸಿದ ಬೇರೆ ಡಬ್ಬಿಯಲ್ಲಿರಲಿ. ಪ್ರತಿ ಪಾಳಿ ಬದಲಾಗುವಾಗ ಎಣಿಸಿ ಸಹಿ. ಇನ್ಸುಲಿನ್ ಒಂದೇ ಬಲದ್ದು. ಬ್ಲಡ್ ಗ್ಯಾಸ್ ಯಂತ್ರದ ಕಾರ್ಟ್‌ರಿಜ್ ಮುಗಿಯುವ ಹದಿನೈದು ದಿನ ಮೊದಲೇ ಮುಂದಿನದಕ್ಕೆ ಆದೇಶ.

ಕನ್ನಡ ಸಂಘದವರಲ್ಲಿ ಕೇಳುವುದು ಜೇಬಿನ ಚೀಟಿ. ನಿಮ್ಮ ವಾರ್ಷಿಕೋತ್ಸವದ ಆರೋಗ್ಯ ಶಿಬಿರದಲ್ಲಿ ಶುಗರ್, ಬಿ.ಪಿ. ನೋಡುವುದರ ಜೊತೆಗೆ ಇದನ್ನೂ ಹಂಚಿ. ಕಾರ್ಮಿಕರು ನಿಲ್ಲುವ ನಾಕಾಗಳಿಗೆ ಭಾನುವಾರ ಬೆಳಿಗ್ಗೆ ಹೋಗಿ ಕೊಟ್ಟರೆ ಇನ್ನೂ ಒಳ್ಳೆಯದು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಸ್ಟಿರಾಯ್ಡ್ ನುಂಗುವವರ ಚೀಟಿಯ ಮಾದರಿಯನ್ನು ಕೆಳಗೆ ಕೊಟ್ಟಿದ್ದೇವೆ, ಇನ್ಸುಲಿನ್ ಮತ್ತು ಕುಸುಮ ರೋಗದವರದ್ದನ್ನು ಕೇಳಿದವರಿಗೆ ಬರೆದುಕೊಡುತ್ತೇವೆ.

‘ನಾನು ದಿನವೂ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಮಾತ್ರೆಯ ಹೆಸರು: ________ ಡೋಸ್: ________ ನನಗೆ ಜ್ವರ ಬಂದರೆ ಡೋಸ್ ಎರಡು ಪಟ್ಟು ಮಾಡಲು ವೈದ್ಯರು ಹೇಳಿದ್ದಾರೆ. ವಾಂತಿಯಾಗುತ್ತಿದ್ದರೆ, ಅಪಘಾತವಾಗಿದ್ದರೆ, ಪ್ರಜ್ಞೆ ತಪ್ಪಿದ್ದರೆ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ. ಕೂಡಲೇ ರಕ್ತನಾಳಕ್ಕೆ ಅಥವಾ ತೊಡೆಗೆ ಕೊಡಿ. ವರದಿಗೆ ಕಾಯಬೇಡಿ. ನನ್ನ ಭಾಷೆ ಕನ್ನಡ.’

ಇತಿ,
ಮುಂಬಯಿಯ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡಿಗ ವೈದ್ಯರು, ದಾದಿಯರು ಮತ್ತು ಪ್ರಯೋಗಾಲಯದ ತಂತ್ರಜ್ಞರು